ಕಿಹಾನ್ಸಿಯ ತುಂತುರು ಕಪ್ಪೆ: ಹೊಸ ಪ್ರಭೇದವೊಂದನ್ನು ಗುರುತಿಸಿದ ಪ್ರಕರಣ

ತಾಂಜಾನಿಯಾದಲ್ಲಿ ಉಡ್ಜುಂಗ್ವಾ ಎಂಬ ಬೆಟ್ಟಸಾಲು ಇದೆ. ಕಿಹಾನ್ಸಿ ನದಿ ಆ ಬೆಟ್ಟದ ಅಂಚಿನಿಂದ ಕಿಲೊಂಬೆರೊ ಕಣಿವೆಗೆ ಧುಮುಕುತ್ತದೆ. ಕೆಲವೇ ಕಿಲೋಮೀಟರ್ ದೂರದಲ್ಲಿ ನೂರಾರು ಮೀಟರ್ ಕೆಳಗಿಳಿಯುವ ನದಿ ಅದು. ಜಲವಿದ್ಯುತ್ ಎಂಜಿನಿಯರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1990ರ ದಶಕದ ಮಧ್ಯದಲ್ಲಿ ಅಲ್ಲಿ 180 ಮೆಗಾವಾಟಿನ ಯೋಜನೆಯ ಕೆಲಸ ಶುರುವಾಯಿತು. ವಿಶ್ವ ಬ್ಯಾಂಕ್ ಮತ್ತು ಯುರೋಪಿನ ಕೆಲವು ದೇಶಗಳು ಸಾಲ, ನೆರವು ಕೊಟ್ಟವು.

ಕೆಲಸ ನಡೆಯುತ್ತಿದ್ದಾಗಲೇ, 1996ರಲ್ಲಿ, ಕಮರಿಯ ಜೀವಿಗಳನ್ನು ನೋಡಲು ಇಳಿದ ಸಂಶೋಧಕರಿಗೆ ಜಲಪಾತದ ಬುಡದ ಹಸಿ ಹುಲ್ಲಿನಲ್ಲಿ ಒಂದು ಪುಟ್ಟ ಹಳದಿ ನೆಲಗಪ್ಪೆ ಕಂಡಿತು. 1999ರಲ್ಲಿ ಅದಕ್ಕೆ ನೆಕ್ಟೊಫ್ರಿನಾಯ್ಡಿಸ್ ಆಸ್ಪರ್ಜಿನಿಸ್ ಎಂಬ ಹೆಸರು ಬಂತು. 2009ರಲ್ಲಿ ಅದು ಕಾಡಿನಿಂದ ಅಳಿದುಹೋಗಿದೆ ಎಂದು ಐಯುಸಿಎನ್ (ಅಪಾಯದಲ್ಲಿರುವ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಘೋಷಿಸಿತು. ಹೆಸರು ಬಂದು ಹತ್ತೇ ವರ್ಷ.

ಈ ಕಥೆಯನ್ನು ಸಾಮಾನ್ಯವಾಗಿ ‘ಅಣೆಕಟ್ಟು ಮತ್ತು ಕಪ್ಪೆ’ಯ ಜಗಳ ಎಂದು ಹೇಳುತ್ತಾರೆ. ನನಗೆ ಅದರ ಮೊದಲ ಭಾಗದಲ್ಲೇ ಜಾಸ್ತಿ ಆಸಕ್ತಿ. ಅಂದರೆ ಗುರುತಿಸುವ ಕೆಲಸ. ಅದರೊಳಗೆ ಎರಡು ಪ್ರಶ್ನೆಗಳಿದ್ದವು. ಇದು ಹೊಸದಾ? ಇದು ಇಲ್ಲಿ ಮಾತ್ರ ಇದೆಯಾ? ಸುದ್ದಿಗಳಲ್ಲಿ ಇವೆರಡೂ ಒಂದೇ ಎಂಬಂತೆ ಬರುತ್ತವೆ. ಆದರೆ ಇವಕ್ಕೆ ಬೇಕಾದ ಪುರಾವೆ ಬೇರೆ, ಹಿಡಿಯುವ ಸಮಯವೂ ಬೇರೆ. ಕಿಹಾನ್ಸಿಯಲ್ಲಿ ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಕ್ಕಿತು. ಎಲ್ಲರೂ ಜಗಳವಾಡಿದ್ದು ಮಾತ್ರ ಎರಡನೆಯದರ ಮೇಲೆ.

ಸಿಕ್ಕ ಜಾಗ

ದೊಡ್ಡ ಜಲಪಾತ ಬಂಡೆಗೆ ಬಡಿದಾಗ ತುಂತುರು ಏಳುತ್ತದೆ. ಕಿಹಾನ್ಸಿಯಲ್ಲಿ ಆ ತುಂತುರು ವರ್ಷವಿಡೀ, ಹಗಲೂ ರಾತ್ರಿ ಸುತ್ತಲಿನ ಇಳಿಜಾರಿನ ಮೇಲೆ ಬೀಳುತ್ತಿತ್ತು. ಹಾಗಾಗಿ ಅಲ್ಲಿ ಮರಗಳಿಲ್ಲದ ತೆರೆದ ಹುಲ್ಲುಗಾವಲು ಉಂಟಾಗಿತ್ತು. ನೆಲದ ಮೇಲೆ ಪಾಚಿ, ಹುಲ್ಲು ಮತ್ತು ಸೆಲಾಜಿನೆಲ್ಲಾ ಎಂಬ ಹಬ್ಬುಗಿಡದ ದಟ್ಟ ಹಾಸು. ಸುತ್ತ ಮಳೆಕಾಡು, ನಡುವೆ ಈ ನೆನೆದ ಹುಲ್ಲು. ಇಂಥ ತುಣುಕುಗಳು ಕಮರಿಯಲ್ಲಿ ಬೆರಳೆಣಿಕೆಯಷ್ಟಿದ್ದವು. ಎಲ್ಲ ಸೇರಿಸಿದರೂ ಸುಮಾರು ಎರಡು ಹೆಕ್ಟೇರ್, ಅಂದರೆ ಐದು ಎಕರೆ. ಕಪ್ಪೆ ಇದ್ದದ್ದು ಅಷ್ಟರಲ್ಲೇ. ಆದರೆ ಇದ್ದಲ್ಲಿ ಕಿಕ್ಕಿರಿದಿತ್ತು. ಎಣಿಕೆಗಳು ಮುಂದೆ ಇಪ್ಪತ್ತು ಸಾವಿರದ ಹತ್ತಿರ ಹೋದವು.

ಯೋಜನೆಗೆ ಮೊದಲು ಪರಿಸರ ವರದಿ ಆಗಿರಲಿಲ್ಲವೇ? ಆಗಿತ್ತು. ಆದರೆ ಈ ತುಂತುರಿನ ಹುಲ್ಲನ್ನು ಅದು ಸರಿಯಾಗಿ ನೋಡಿರಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಮಳೆಕಾಡಿನಲ್ಲಿ ಕಪ್ಪೆ ಹುಡುಕುವವರು ತರಗೆಲೆ ಕೆದಕುತ್ತಾರೆ, ತೊರೆಯ ದಡ ನೋಡುತ್ತಾರೆ, ರಾತ್ರಿ ಟಾರ್ಚ್ ಹಿಡಿದು ಎಲೆಗಳ ಮೇಲೆ ಹುಡುಕುತ್ತಾರೆ, ಕೂಗು ಕೇಳುತ್ತಾರೆ. ಜಲಪಾತದ ಬುಡದಲ್ಲಿ ಕೂಗು ಕೇಳುವುದು ಹೇಗೆ? ಕಾಲಿಟ್ಟರೆ ಜಾರುವ ಜಾಗ ಬೇರೆ. ಅತ್ತ ಕಾಡೂ ಅಲ್ಲ, ಇತ್ತ ತೊರೆಯೂ ಅಲ್ಲ. ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ಇಂಥದ್ದಕ್ಕೊಂದು ಸಾಲೇ ಇರುವುದಿಲ್ಲ.

ಇದು ಹೊಸದಾ?

‘ಹೊಸ ಪ್ರಭೇದ’ ಎಂದು ಹೇಳುವುದೆಂದರೆ ಕೈಯಲ್ಲಿರುವ ಪ್ರಾಣಿಯ ಬಗ್ಗೆ ಮಾತಾಡುವುದು ಮಾತ್ರವಲ್ಲ. ಈವರೆಗೆ ಹೆಸರು ಪಡೆದ ಅದರ ನೆಂಟರಿಷ್ಟರಲ್ಲಿ ಯಾರೂ ಇದಲ್ಲ ಎಂದು ಹೇಳಬೇಕು. ಆದ್ದರಿಂದ ಕೆಲಸದ ಬಹುಪಾಲು ಕಾಡಿನಲ್ಲಿ ಆಗುವುದಿಲ್ಲ, ಮ್ಯೂಸಿಯಂನ ಜಾಡಿಗಳ ಮುಂದೆ ಆಗುತ್ತದೆ.

ಮೊದಲ ಹೆಜ್ಜೆ ಕುಟುಂಬ. ನೆಲಗಪ್ಪೆ ಅಂದ ಕೂಡಲೇ ನಾವು ಕಣ್ಣಿನ ಹಿಂದೆ ಉಬ್ಬಿದ ವಿಷಗ್ರಂಥಿ, ಗಂಟುಗಂಟಾದ ಒರಟು ಚರ್ಮ ನೆನೆಯುತ್ತೇವೆ. ಚಿಕ್ಕ ಮಳೆಕಾಡು ಪ್ರಭೇದಗಳಲ್ಲಿ ಇವೆರಡೂ ಇರಲೇಬೇಕೆಂದಿಲ್ಲ. ಮೈ ನಯವಾಗಿ, ಕಾಲು ಸಣ್ಣಗೆ, ನೋಡಲು ಬೇರೆ ಯಾವುದೋ ಕಪ್ಪೆಯ ಮರಿಯಂತೆ ಇರುತ್ತವೆ. ಹಾಗಾಗಿ ಬಾಯಲ್ಲಿ ಹಲ್ಲಿಲ್ಲದಿರುವುದು, ಎಲುಬಿನ ರಚನೆ ಮುಂತಾದ ಒಳಗಿನ ಗುರುತುಗಳನ್ನು ನೋಡಬೇಕಾಗುತ್ತದೆ.

ಎರಡನೇ ಹೆಜ್ಜೆಗೆ ಈ ಕಪ್ಪೆಯೇ ದಾರಿ ತೋರಿಸಿತು. ಹೆಣ್ಣಿನ ಹೊಟ್ಟೆಯ ಚರ್ಮ ತೆಳು, ಅರೆಪಾರದರ್ಶಕ. ಬಸುರಿ ಹೆಣ್ಣನ್ನು ಮಗುಚಿ ನೋಡಿದರೆ ಒಳಗಿನ ಮರಿಗಳು ಕಾಣುತ್ತವೆ. ಮೊಟ್ಟೆಯಲ್ಲ, ಗೊದಮೊಟ್ಟೆಯೂ ಅಲ್ಲ, ಮರಿಗಳು. ಹುಟ್ಟುವಾಗಲೇ ನಾಲ್ಕು ಕಾಲಿನ ಪೂರ್ತಿ ಕಪ್ಪೆ, ಉದ್ದ ಸುಮಾರು 5 ಮಿಲಿಮೀಟರ್. ಒಂದು ಸಲಕ್ಕೆ ಹತ್ತರ ಆಸುಪಾಸು.

ಈ ಒಂದೇ ಗುರುತಿನಿಂದ ಹುಡುಕಾಟ ತುಂಬಾ ಕಿರಿದಾಗುತ್ತದೆ. ಜಗತ್ತಿನಲ್ಲಿ ನೆಲಗಪ್ಪೆಗಳು ನೂರಾರು ಪ್ರಭೇದಗಳಿವೆ. ಬಹುತೇಕ ಎಲ್ಲವೂ ನೀರಿನಲ್ಲಿ ಮೊಟ್ಟೆಯಿಡುತ್ತವೆ. ಮರಿ ಹಾಕುವ ನೆಲಗಪ್ಪೆಗಳು ಇರುವುದು ಆಫ್ರಿಕಾದಲ್ಲಿ ಮಾತ್ರ, ಅದೂ ಕೆಲವೇ ಕೆಲವು. ಪಶ್ಚಿಮ ಆಫ್ರಿಕಾದ ನಿಂಬಾ ಬೆಟ್ಟದಲ್ಲಿ ಒಂದಿದೆ. ಅದರ ಮರಿಗಳಿಗೆ ತಾಯಿಯ ಹೊಟ್ಟೆಯೊಳಗೇ ಪೋಷಣೆ ಸಿಗುತ್ತದೆ. ತಾಂಜಾನಿಯಾದ ನೆಕ್ಟೊಫ್ರಿನಾಯ್ಡಿಸ್ ಕುಲದಲ್ಲಿ ಮರಿಗಳು ಮೊಟ್ಟೆಯ ಹಳದಿಯನ್ನೇ ತಿಂದು ಬೆಳೆಯುತ್ತವೆ. ಕಿಹಾನ್ಸಿಯ ಪ್ರಾಣಿ ಈ ಎರಡನೇ ಗುಂಪಿಗೆ ಸೇರಿತು.

ಅಲ್ಲಿಗೆ ಪ್ರಶ್ನೆ ಸಣ್ಣದಾಯಿತು. ಆಗ ಆ ಕುಲದಲ್ಲಿ ಹೆಸರು ಪಡೆದಿದ್ದದ್ದು ಐದು ಪ್ರಭೇದ, ಎಲ್ಲವೂ ತಾಂಜಾನಿಯಾದವು. ಅತಿ ಹಳೆಯದಕ್ಕೆ ಜರ್ಮನಿಯ ಗುಸ್ತಾವ್ ಟೊರ್ನಿಯರ್ 1905ರಲ್ಲಿ ಹೆಸರಿಟ್ಟಿದ್ದರು. ಅತಿ ಹೊಸದನ್ನು 1980ರ ದಶಕದ ಕೊನೆಯಲ್ಲಿ ಇದೇ ಉಡ್ಜುಂಗ್ವಾ ಬೆಟ್ಟದಿಂದ ಬ್ಯಾರಿ ಕ್ಲಾರ್ಕ್ ವಿವರಿಸಿದ್ದರು. ಹತ್ತಿರದ ನೆರೆಯದೇ ಮೊದಲ ಅನುಮಾನ ಆಗುವುದು ಸಹಜ ಅಲ್ವಾ? ಹೊಸ ಪ್ರಾಣಿಯನ್ನು ವಿವರಿಸಿದ ನಾಲ್ವರಲ್ಲಿ ಕ್ಲಾರ್ಕ್ ಕೂಡ ಒಬ್ಬರು. ಉಳಿದವರು ಜಾನ್ ಪಾಯಿಂಟನ್, ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದ ಕಿಮ್ ಹೋವೆಲ್ ಮತ್ತು ಈ ಬೆಟ್ಟಗಳ ಸಸ್ಯಗಳನ್ನು ಬಲ್ಲ ಜಾನ್ ಲವೆಟ್. ಐದರಲ್ಲಿ ಒಂದನ್ನು ತಾನೇ ವಿವರಿಸಿದವರು ತಂಡದಲ್ಲಿದ್ದರೆ ‘ಇದು ಅದಲ್ಲ’ ಎಂಬ ಮಾತಿಗೆ ಬಲ ಬರುತ್ತದೆ. ಇದು ನನ್ನ ಅಭಿಪ್ರಾಯ. ಪ್ರಬಂಧದ ತೂಕ ಹೆಸರುಗಳಿಂದಲ್ಲ, ಹೋಲಿಕೆಯಿಂದಲೇ ಬರಬೇಕು ಎನ್ನುವವರೂ ಇದ್ದಾರೆ.

ಈಗ ಗುರುತುಗಳಿಗೆ ಬರೋಣ. ಚಿಕ್ಕ ಕಪ್ಪೆ ಸಿಕ್ಕಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಚಿಕ್ಕ ಪ್ರಭೇದವಾ, ಇಲ್ಲ ದೊಡ್ಡ ಪ್ರಭೇದದ ಮರಿಯಾ? ಎಳೆಯ ಪ್ರಾಣಿಯನ್ನು ಬೇರೆ ಪ್ರಭೇದ ಎಂದು ಬರೆಯುವ ಅಪಾಯ ಯಾವಾಗಲೂ ಇರುತ್ತದೆ. ಇಲ್ಲಿ ಗೊಂದಲಕ್ಕೆ ಎಡೆಯೇ ಇರಲಿಲ್ಲ. ಹೊಟ್ಟೆಯಲ್ಲಿ ಮರಿ ಹೊತ್ತವಳು ಮರಿಯಾಗಿರಲಾರಳು. ಗಂಡು 2 ಸೆಂಟಿಮೀಟರ್‌ಗಿಂತ ಕಡಿಮೆ. ಹೆಣ್ಣು ಸ್ವಲ್ಪ ದೊಡ್ಡದು, ಆದರೂ 3 ಸೆಂಟಿಮೀಟರ್ ಮುಟ್ಟುವುದಿಲ್ಲ. ಇದೇ ಕುಲದ ಟೊರ್ನಿಯರ್ ಪ್ರಾಣಿ ಇದರ ಎರಡು ಪಟ್ಟು ಬೆಳೆಯುತ್ತದೆ. ಅದರ ಮೈಮೇಲೆ ಎದ್ದು ಕಾಣುವ ಗ್ರಂಥಿಗಳೂ ಇವೆ.

ಆಮೇಲೆ ಕಿವಿ. ಕಪ್ಪೆಗಳ ಕಣ್ಣಿನ ಹಿಂದೆ ದುಂಡಗೆ ಕಾಣುವ ಕಿವಿತಮಟೆ ಇದಕ್ಕಿಲ್ಲ. ಒಳಗಿವಿ ಇದೆ. ಹೊರಗಿನ ತಮಟೆಯೂ ಅದರ ಹಿಂದೆ ಗಾಳಿ ತುಂಬಿದ ನಡುಗಿವಿಯ ಟೊಳ್ಳೂ ಇಲ್ಲ. ಆದರೂ ಗಂಡು ಕೂಗುತ್ತದೆ! ಇದು ಓದಲು ಸೊಗಸಾದ ಗುರುತು. ಆದರೆ ಇದನ್ನೊಂದನ್ನೇ ನಂಬಿದರೆ ಕಷ್ಟ. ನೆಲಗಪ್ಪೆಗಳ ಕುಟುಂಬದಲ್ಲಿ ಕಿವಿತಮಟೆ ಕಳೆದುಕೊಳ್ಳುವುದು ಬೇರೆ ಬೇರೆ ಕವಲುಗಳಲ್ಲಿ ಮತ್ತೆ ಮತ್ತೆ ಆಗಿದೆ. ಕಿವಿಯಿಲ್ಲದ ಎರಡು ಕಪ್ಪೆಗಳು ಹತ್ತಿರದ ನೆಂಟರೇ ಆಗಬೇಕೆಂದಿಲ್ಲ.

ಪಾದ ಇನ್ನೊಂದು ಗುರುತು. ಹಿಂಗಾಲಿನ ಬೆರಳುಗಳ ನಡುವೆ ಜಾಲಪೊರೆ ಇದೆ. ಬೆರಳ ತುದಿ ಅಗಲವಾಗಿಲ್ಲ. ಎಲೆ, ರೆಂಬೆಗಳ ಮೇಲೆ ಹತ್ತಿ ಕೂರುವ ಕಪ್ಪೆಗಳ ಬೆರಳ ತುದಿ ಸಾಮಾನ್ಯವಾಗಿ ಅಗಲ. ಇದು ನೆಲದ ಹಸಿ ಹಾಸಿನಲ್ಲೇ ಬದುಕುವ ಪ್ರಾಣಿ, ಪಾದವೂ ಅದನ್ನೇ ಹೇಳುತ್ತದೆ. ಗಂಡುಗಳಲ್ಲಿ ತೊಡೆ ಹೊಟ್ಟೆಗೆ ಸೇರುವ ಜಾಗದಲ್ಲಿ, ಎರಡೂ ಕಡೆ, ಗಾಢ ಬಣ್ಣದ ಮಚ್ಚೆ ಇದೆ.

ಬಣ್ಣದ ವಿಷಯದಲ್ಲಿ ಹುಷಾರಾಗಿರಬೇಕು. ಜೀವಂತ ಕಪ್ಪೆ ಹೊಳೆಯುವ ಹಳದಿ, ಪಕ್ಕದಲ್ಲಿ ಕಂದು ಪಟ್ಟೆ. ಫಾರ್ಮಲಿನ್, ಆಲ್ಕೋಹಾಲ್‌ನಲ್ಲಿ ಇಟ್ಟರೆ ಆ ಹಳದಿ ಮಾಯವಾಗುತ್ತದೆ. ನೂರು ವರ್ಷದ ಹಿಂದಿನ ಜಾಡಿಯ ಪ್ರಾಣಿಯ ಜೊತೆ ಇವತ್ತು ಹಿಡಿದದ್ದನ್ನು ಬಣ್ಣದಲ್ಲಿ ಹೋಲಿಸಲು ಆಗುವುದೇ ಇಲ್ಲ. ಹಿಡಿದ ದಿನವೇ ಫೋಟೋ ತೆಗೆದು, ಬಣ್ಣ ಬರೆದಿಟ್ಟುಕೊಳ್ಳದಿದ್ದರೆ ಆ ಮಾಹಿತಿ ಹೋಯಿತೆಂದೇ ಲೆಕ್ಕ.

ಹೀಗೆ ಒಂದೊಂದು ಗುರುತೂ ಬಿಡಿಯಾಗಿ ದುರ್ಬಲ. ಚಿಕ್ಕ ಗಾತ್ರ ಬೇರೆಯವಕ್ಕೂ ಇದೆ, ಕಿವಿಯಿಲ್ಲದವೂ ಇವೆ, ಜಾಲಪಾದದವೂ ಇವೆ. ಎಲ್ಲ ಒಟ್ಟಿಗೆ, ಒಂದೇ ಪ್ರಾಣಿಯಲ್ಲಿ, ಹಲವು ಗಂಡು ಮತ್ತು ಹೆಣ್ಣುಗಳಲ್ಲಿ ಮತ್ತೆ ಮತ್ತೆ ಕಂಡರೆ ಮಾತ್ರ ಅದಕ್ಕೆ ಬೆಲೆ. ಒಂದೇ ಒಂದು ಮಾದರಿ ಹಿಡಿದು ಹೊಸ ಪ್ರಭೇದ ಎನ್ನುವವರನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ ಎನ್ನುವುದೂ ನಿಜ. ಕಿಹಾನ್ಸಿಯಲ್ಲಿ ಆ ತೊಂದರೆ ಇರಲಿಲ್ಲ. ಸಾವಿರಾರು ಪ್ರಾಣಿಗಳಿದ್ದವು.

ಕೊನೆಯದು ಕಾಗದದ ಕೆಲಸ. ಹೊಸ ಹೆಸರು ನಿಲ್ಲಬೇಕಾದರೆ ಪ್ರಾಣಿವಿಜ್ಞಾನದ ಹೆಸರಿಡುವ ನಿಯಮಗಳಂತೆ ವಿವರಣೆ ಅಚ್ಚಾಗಬೇಕು, ಬೇರೆಯವಕ್ಕಿಂತ ಇದು ಹೇಗೆ ಭಿನ್ನ ಎಂದು ಹೇಳಬೇಕು. ಆ ಹೆಸರನ್ನು ಹೊರುವ ಒಂದು ಪ್ರಾಣಿಯನ್ನು ಆರಿಸಿ ಸಂಗ್ರಹದಲ್ಲಿ ಇಡಬೇಕು. ಮುಂದೆ ಯಾರಿಗೆ ಅನುಮಾನ ಬಂದರೂ ಆ ಜಾಡಿಯನ್ನೇ ತೆಗೆದು ನೋಡಬೇಕು. ಆಫ್ರಿಕನ್ ಜರ್ನಲ್ ಆಫ್ ಹರ್ಪೆಟಾಲಜಿಯಲ್ಲಿ ಪ್ರಬಂಧ ಹೊರಬಂದಾಗ ಅದು ಮುಖ್ಯವಾಗಿ ದೇಹದ ರಚನೆಯ ಮೇಲೆ ನಿಂತಿತ್ತು. ನಂತರದ ಡಿಎನ್‌ಎ ಅಧ್ಯಯನಗಳೂ ಇದನ್ನು ಬೇರೆ ಪ್ರಭೇದವಾಗಿಯೇ ಇಟ್ಟಿವೆ.

ಒಂದು ವಿಷಯ ಗಮನಿಸಬೇಕು. ಆ ಪ್ರಬಂಧದ ಶೀರ್ಷಿಕೆಯಲ್ಲೇ ಈ ಹೊಸ ಪ್ರಭೇದ ‘ತೀವ್ರ ಅಪಾಯದಲ್ಲಿದೆ’ ಎಂಬ ಮಾತಿತ್ತು. ಹೆಸರಿಡುವ ಬರಹಗಳು ಸಾಮಾನ್ಯವಾಗಿ ಒಣಕಲಾಗಿರುತ್ತವೆ. ಎಚ್ಚರಿಕೆಯನ್ನು ಶೀರ್ಷಿಕೆಗೇ ತಂದಿದ್ದಾರೆ ಎಂದರೆ ಬರೆದವರಿಗೆ ಮುಂದೇನಾಗುತ್ತದೆ ಎಂಬ ಅಂದಾಜು ಇತ್ತು.

ಇಲ್ಲಿ ಮಾತ್ರ ಇದೆಯಾ?

ಪೂರ್ವ ತಾಂಜಾನಿಯಾದ ಬೆಟ್ಟಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಉಸಂಬಾರಾ, ಉಲುಗುರು, ಉಡ್ಜುಂಗ್ವಾ ಹೀಗೆ ಬೇರೆ ಬೇರೆ ಗುಡ್ಡಗಳು, ನಡುವೆ ಒಣ ಬಯಲು. ಹಿಂದೂ ಮಹಾಸಾಗರದ ತೇವದ ಗಾಳಿ ಆ ಗುಡ್ಡಗಳ ಕಾಡನ್ನು ಹಸಿಯಾಗಿಟ್ಟಿದೆ. ಹಾಗಾಗಿ ಒಂದೊಂದು ಗುಡ್ಡಕ್ಕೂ ಅದರದೇ ಗಿಡ, ಅದರದೇ ಕಪ್ಪೆ. ಒಂದೇ ಗುಡ್ಡದಲ್ಲಿ ಮಾತ್ರ ಸಿಗುವ ಪ್ರಭೇದ ಅಲ್ಲಿ ಅಪರೂಪವಲ್ಲ. ಆದರೆ ಒಂದೇ ಜಲಪಾತದಲ್ಲಿ ಮಾತ್ರ? ಅದನ್ನು ಕೇಳಿದವರಿಗೆ ನಂಬಲು ಕಷ್ಟವಾಯಿತು. ಯೋಜನೆಯ ಪರ ಇದ್ದವರಿಗಂತೂ ನಂಬದಿರಲು ಕಾರಣವೂ ಇತ್ತು. ಬೇರೆ ಕಡೆ ಇದೇ ಕಪ್ಪೆ ಸಿಕ್ಕಿಬಿಟ್ಟರೆ ತಲೆನೋವು ಮುಗಿಯುತ್ತದೆ.

‘ಹೊಸದು’ ಎಂದು ತೋರಿಸಲು ಐದು ಪ್ರಭೇದಗಳ ಜೊತೆ ಹೋಲಿಸಿದರೆ ಸಾಕು. ಆ ಪಟ್ಟಿಗೆ ಕೊನೆಯಿದೆ. ‘ಇಲ್ಲಿ ಮಾತ್ರ’ ಎಂದು ತೋರಿಸಲು ಇಲ್ಲದ ಜಾಗಗಳನ್ನೆಲ್ಲ ನೋಡಬೇಕು. ಅದಕ್ಕೆ ಕೊನೆಯಿಲ್ಲ. ಒಂದು ಜಲಪಾತದ ಬುಡದಲ್ಲಿ ಹುಡುಕಿ ಸಿಗಲಿಲ್ಲ ಎಂದರೆ ಅಲ್ಲಿ ಇಲ್ಲವೆಂದಾ, ಆ ದಿನ ಕಣ್ಣಿಗೆ ಬೀಳಲಿಲ್ಲವೆಂದಾ? ಹೆಬ್ಬೆರಳ ಉಗುರಿನಷ್ಟು ಪ್ರಾಣಿಯನ್ನು ನೆನೆದ ಹುಲ್ಲಿನಲ್ಲಿ ಹುಡುಕುವಾಗ ಈ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ.

ಆದರೂ ಹುಡುಕಿದರು. ಉಡ್ಜುಂಗ್ವಾದ ಅದೇ ಅಂಚಿನ ಬೇರೆ ಜಲಪಾತಗಳಲ್ಲಿ ನೋಡಿದರು. ಸಿಗಲಿಲ್ಲ. ಕಿಹಾನ್ಸಿಯಲ್ಲಿ ಎರಡು ಹೆಕ್ಟೇರಿನಲ್ಲಿ ಸಾವಿರಗಟ್ಟಲೆ ಇದ್ದ ಪ್ರಾಣಿ ಇನ್ನೊಂದು ಕಡೆಯೂ ಹಾಗೆಯೇ ಇದ್ದಿದ್ದರೆ ಹುಡುಕಿದವರ ಕಾಲಡಿಗೇ ಬರುತ್ತಿತ್ತು. ಹೀಗೆ ದಟ್ಟಣೆಯನ್ನು ಮುಂದಿಟ್ಟು ವಾದಿಸುವುದು ನನಗೆ ಸರಿ ಎನಿಸುತ್ತದೆ. ಚದುರಿ ಬದುಕುವ ಪ್ರಭೇದಕ್ಕೆ ಈ ವಾದ ನಡೆಯುವುದಿಲ್ಲ. ಈ ಕಮರಿಗೆ ಅದರದೇ ಜೀವಿಗಳಿರಬಹುದು ಎಂಬುದಕ್ಕೆ ಇನ್ನೊಂದು ಸುಳಿವೂ ಆಮೇಲೆ ಸಿಕ್ಕಿತು. ಇಲ್ಲಿನ ಒಂದು ಕಾಡುಕಾಫಿ ಕೂಡ ಹೊಸ ಪ್ರಭೇದ ಎಂದು 2004ರಲ್ಲಿ ಪ್ರಕಟವಾಯಿತು. ಅದರ ಹೆಸರು ಕಾಫಿಯಾ ಕಿಹಾನ್ಸಿಯೆನ್ಸಿಸ್.

ನೀರು ತಿರುಗಿದ ಮೇಲೆ

ಅಣೆಕಟ್ಟು ಕಾಯಲಿಲ್ಲ. ಕಾಯುವುದು ಸುಲಭವೂ ಇರಲಿಲ್ಲ. ವಿದ್ಯುತ್ ಕೊರತೆಯಲ್ಲಿದ್ದ ದೇಶಕ್ಕೆ 180 ಮೆಗಾವಾಟ್ ಸಣ್ಣ ಮಾತಲ್ಲ. ಸಾಲ ತಂದು ಕಟ್ಟಿದ ಯೋಜನೆಯನ್ನು ಒಂದು ಕಪ್ಪೆಗಾಗಿ ನಿಲ್ಲಿಸಿ ಎನ್ನುವುದು ದೂರದಲ್ಲಿ ಕೂತವರಿಗೆ ಸುಲಭ. 2000ರಲ್ಲಿ ನದಿಯ ನೀರಿನ ಬಹುಪಾಲು, ಸುಮಾರು ಶೇ 90ರಷ್ಟು, ಸುರಂಗಕ್ಕೆ ಹೋಯಿತು. ಜಲಪಾತ ಸಣ್ಣದಾಯಿತು. ತುಂತುರು ನಿಂತಿತು. ಹುಲ್ಲು ಒಣಗತೊಡಗಿತು.

ಆ ವರ್ಷದ ಕೊನೆಯಲ್ಲಿ 499 ಕಪ್ಪೆಗಳನ್ನು ಹಿಡಿದು ಅಮೆರಿಕದ ಬ್ರಾಂಕ್ಸ್ ಮೃಗಾಲಯಕ್ಕೆ ಒಯ್ದರು. ಕಮರಿಯಲ್ಲಿ ಪೈಪು ಎಳೆದು, ಬೆಟ್ಟದ ಇಳಿಜಾರಿನ ಒತ್ತಡದಿಂದಲೇ ನೀರು ಚಿಮ್ಮುವ ಕೃತಕ ತುಂತುರು ವ್ಯವಸ್ಥೆ ಮಾಡಿದರು. ಅದು ಕೆಲಸ ಮಾಡಿತು. 2003ರ ಜೂನ್ ಹೊತ್ತಿಗೆ ಕಮರಿಯ ಕಪ್ಪೆಗಳ ಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸಿಗೆ ಬಂದಿತ್ತು. ಆಮೇಲೆ ಕೆಲವೇ ತಿಂಗಳಲ್ಲಿ ಎಲ್ಲ ಮುಗಿಯಿತು. 2004ರ ಜನವರಿಯಲ್ಲಿ ಕಣ್ಣಿಗೆ ಕಂಡದ್ದು ಮೂರು ಕಪ್ಪೆ, ಕೂಗು ಕೇಳಿದ್ದು ಎರಡರದು. ಸತ್ತ ಕಪ್ಪೆಗಳಲ್ಲಿ ಕೈಟ್ರಿಡ್ ಶಿಲೀಂಧ್ರ ಪತ್ತೆಯಾಯಿತು. ಜಗತ್ತಿನ ಹಲವು ಕಡೆ ಕಪ್ಪೆಗಳನ್ನು ಕೊಂದಿರುವುದು ಅದೇ. ಸರಿಸುಮಾರು ಅದೇ ಹೊತ್ತಿಗೆ ಅಣೆಕಟ್ಟಿನ ಹೂಳನ್ನು ಹೊರಬಿಟ್ಟಿದ್ದರು. ಅದರ ಪಾಲೂ ಇರಬಹುದೆಂಬ ವಾದ ಇದೆ. ಹೆಚ್ಚಿನವರ ಬೆರಳು ಶಿಲೀಂಧ್ರದ ಕಡೆಗೇ ಇದೆ.

ಇಲ್ಲಿ ಎರಡನೇ ಪ್ರಶ್ನೆಗೆ ಕ್ರೂರವಾದ ಉತ್ತರ ಸಿಕ್ಕಿತು. ಬೇರೆಡೆ ಒಂದು ಗುಂಪು ಇದ್ದಿದ್ದರೆ ಕಿಹಾನ್ಸಿಯ ಸಾವು ಪ್ರಭೇದದ ಸಾವಾಗುತ್ತಿರಲಿಲ್ಲ. ಉಳಿದದ್ದು ಅಮೆರಿಕದ ಮೃಗಾಲಯಗಳಲ್ಲಿ ಇದ್ದವು ಮಾತ್ರ. ಅಲ್ಲಿಯೂ ಮೊದಮೊದಲು ಸಾಯುತ್ತಲೇ ಹೋದವು. ಸಂಖ್ಯೆ ನೂರಕ್ಕಿಂತ ಕೆಳಗಿಳಿಯಿತು. ಹೆಸರು ಬಂದು ಒಂದೆರಡು ವರ್ಷವಾಗಿದ್ದ ಪ್ರಾಣಿ. ಏನು ತಿನ್ನಿಸಬೇಕು, ಎಷ್ಟು ಬೆಳಕು ಬೇಕು, ಯಾವ ಹುಳ ಕಾಡುತ್ತದೆ ಎಂದು ಯಾರಿಗೆ ಗೊತ್ತಿರಬೇಕು? ಬ್ರಾಂಕ್ಸ್ ಮತ್ತು ಟೊಲಿಡೊ ಮೃಗಾಲಯಗಳ ಸಿಬ್ಬಂದಿ ಒಂದೊಂದನ್ನೇ ಕಲಿತು ಸಂಖ್ಯೆಯನ್ನು ಸಾವಿರಗಳಿಗೆ ತಂದರು. 2010ರಲ್ಲಿ ನೂರು ಕಪ್ಪೆಗಳು ದಾರ್ ಎಸ್ ಸಲಾಮ್‌ಗೆ ಮರಳಿದವು. 2012ರ ಕೊನೆಯಲ್ಲಿ ಎರಡು ಸಾವಿರದಷ್ಟನ್ನು ಕಮರಿಗೆ ಬಿಟ್ಟರು. ಕಾಡಿನಲ್ಲಿ ಅಳಿದಿದೆ ಎಂದು ಘೋಷಿಸಿದ ಉಭಯವಾಸಿಯೊಂದನ್ನು ಅದರ ಜಾಗಕ್ಕೆ ಮರಳಿಸಿದ್ದು ಅದೇ ಮೊದಲು. ಬಿಟ್ಟ ಮಾತ್ರಕ್ಕೆ ನೆಲೆ ನಿಂತಿತು ಎನ್ನಲಾಗದು. ಆಮೇಲಿನ ಮರುಪರಿಶೀಲನೆಯಲ್ಲೂ ಐಯುಸಿಎನ್ ಅದನ್ನು ‘ಕಾಡಿನಲ್ಲಿ ಅಳಿದಿದೆ’ ಎಂಬ ಹಳೆಯ ಪಟ್ಟಿಯಲ್ಲೇ ಉಳಿಸಿತು.

ನನ್ನ ತೀರ್ಪು ಹೀಗಿದೆ. ಗುರುತಿಸುವ ಕೆಲಸದಲ್ಲಿ ತಡವಾಗಲಿಲ್ಲ. 1996ರಲ್ಲಿ ಸಿಕ್ಕಿದ್ದಕ್ಕೆ 1999ರಲ್ಲಿ ಹೆಸರು ಬರುವುದು ಈ ಕ್ಷೇತ್ರದಲ್ಲಿ ಚುರುಕು ಕೆಲಸವೇ. ಎಷ್ಟೋ ಪ್ರಭೇದಗಳು ದಶಕಗಟ್ಟಲೆ ಜಾಡಿಯಲ್ಲೇ ಕಾಯುತ್ತವೆ. ತಪ್ಪಿದ್ದು ಅದಕ್ಕೂ ಮೊದಲು. ನೀರನ್ನು ತಿರುಗಿಸುವ ಯೋಜನೆಯಲ್ಲಿ, ಆ ನೀರಿನಿಂದಲೇ ಉಂಟಾದ ಜಾಗವನ್ನು ಮೊದಲು ನೋಡಬೇಕಿತ್ತು. ನೋಡಿದ್ದರೆ ಪ್ರಶ್ನೆಗಳು ನಕ್ಷೆಯ ಹಂತದಲ್ಲೇ ಏಳುತ್ತಿದ್ದವು. ಜಲಪಾತಕ್ಕೆ ಎಷ್ಟು ನೀರು ಬಿಡಬೇಕು ಎಂಬ ಲೆಕ್ಕ ಸುರಂಗದ ಲೆಕ್ಕದ ಜೊತೆಗೇ ಆಗುತ್ತಿತ್ತು. ಹೆಸರೇ ಬರದಿದ್ದರೆ 2000ದ ನಂತರದ ಯಾವ ಖರ್ಚೂ ಆಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಹೆಸರಿಲ್ಲದ ಪ್ರಾಣಿಗೆ ಪೈಪು ಎಳೆಯಿರಿ ಎಂದು ಯಾವ ಬ್ಯಾಂಕನ್ನೂ ಕೇಳಲಾಗುವುದಿಲ್ಲ.

ಬರ್ಲಿನ್‌ನ ಜಾಡಿಗಳು

ಇದೇ ಕುಲದಲ್ಲಿ ಈಚೆಗೆ ತಿರುಗುಮುರುಗಾದ ದಾರಿಯಲ್ಲಿ ಒಂದು ಗುರುತಿಸುವಿಕೆ ನಡೆಯಿತು. ಟೊರ್ನಿಯರ್ 1905ರಲ್ಲಿ ಹೆಸರಿಟ್ಟ ಪ್ರಾಣಿಯನ್ನು ಬಹಳ ಕಾಲ ಹಲವು ಬೆಟ್ಟಗಳಲ್ಲಿರುವ ಒಂದೇ ಪ್ರಭೇದ ಎಂದುಕೊಂಡಿದ್ದರು. ಅದರೊಳಗೆ ಹಲವು ಪ್ರಭೇದಗಳಿವೆ ಎಂಬ ಅನುಮಾನವೂ ಇತ್ತು. ತೊಡಕೆಂದರೆ, ಹಲವಿದ್ದರೆ ಹಳೆಯ ಹೆಸರು ಯಾವುದಕ್ಕೆ ಸೇರಬೇಕು? ಅದಕ್ಕೆ ಬರ್ಲಿನ್ ಮ್ಯೂಸಿಯಂನ ನೂರಿಪ್ಪತ್ತು ವರ್ಷದ ಹಳೆಯ ಮಾದರಿಗಳೇ ಸಾಕ್ಷಿ ಹೇಳಬೇಕಿತ್ತು. ಹಳೆಯ ಮಾದರಿಗಳ ಡಿಎನ್‌ಎ ಚೂರುಚೂರಾಗಿರುತ್ತದೆ. ಹಾಗೆ ಚೂರಾದ ಡಿಎನ್‌ಎಯನ್ನೂ ಓದುವ ವಿಧಾನಗಳು ಈಗ ಬಂದಿವೆ. ಅದರ ಜೊತೆ ಮೈಯಳತೆಗಳನ್ನೂ ಇಟ್ಟು ನೋಡಿ, 2025ರಲ್ಲಿ ಸಂಶೋಧಕರ ತಂಡವೊಂದು ಮೂರು ಹೊಸ ಪ್ರಭೇದಗಳನ್ನು ಪ್ರಕಟಿಸಿತು. ಸಾಲಿಯೆನ್ಸಿಸ್, ಲುಹೊಮೆರೊಯೆನ್ಸಿಸ್, ಉಹೆಹೆ. ಹದಿಮೂರಿದ್ದ ಕುಲ ಹದಿನಾರಾಯಿತು.

ಈ ಮೂರರ ವಿಷಯದಲ್ಲಿ ‘ಹೊಸದಾ?’ ಎಂಬುದಕ್ಕೆ ಉತ್ತರ ಬಂದಾಗಿದೆ. ಒಂದು ದೊಡ್ಡ ಪ್ರಭೇದ ನಾಲ್ಕಾಗಿ ಒಡೆದಾಗ ಪ್ರತಿಯೊಂದರ ಪಾಲಿಗೆ ಉಳಿಯುವ ಕಾಡು ಮೊದಲು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಅದು ಎಷ್ಟು ಚಿಕ್ಕದು, ಯಾವ ಬೆಟ್ಟದ ಯಾವ ಕಡೆ ಎಂಬುದನ್ನು ಜಾಡಿ ಹೇಳುವುದಿಲ್ಲ. ಅದಕ್ಕೆ ಮಳೆಗಾಲದ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ಕಾಡು ಸುತ್ತಬೇಕು.